ಶಾಲು ಹೊದ್ದ ಬ್ಯಾಟರಿ

ಹಾಸನದಲ್ಲಿ ಪರಿಸರದ ಬಗ್ಗೆ ಭಾಷಣ ಮಾಡುವ ವಕೀಲರೊಬ್ಬರಿದ್ದರು. ನನ್ನ ಸೋದರಮಾವ ಅವರ ಡ್ರೈವರ್. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬಿ.ಎಂ. ರಸ್ತೆಯ ಒಂದು ಶೆಡ್ಡಿನಲ್ಲಿ ಆಟೊ, ಟೆಂಪೊ ರಿಪೇರಿ ಮಾಡುತ್ತಿದ್ದೆ. ಹೈಬ್ರಿಡ್ ಕಾರು ಅಂದರೆ ಏನು ಅಂತ ನಮ್ಮ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಅವರು ಕೊಂಡರು, ಮಾವ ಓಡಿಸಿದ, ನಾನು ನೋಡಿ ನಕ್ಕೆ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಅಲ್ಲಿಯವರೆಗೆ ಮಾವ ಅದೇ ವಕೀಲರ ಅಂಬಾಸಿಡರ್ ಓಡಿಸುತ್ತಿದ್ದ. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಓಡಿಸಿದ್ದಾನೆ. ಅವನಿಗೆ ಬೇರೆ ಕೆಲಸ ಬರುವುದಿಲ್ಲ. ಐವತ್ತು ದಾಟಿದೆ, ಸಂಜೆಯಾದರೆ ಕಣ್ಣು ಮಂಜು. ಇನ್ನೊಬ್ಬರ ಹತ್ತಿರ ಹೋಗಿ ಡ್ರೈವರ್ ಕೆಲಸ ಕೊಡಿ ಅಂದರೆ ಯಾರೂ ಕೊಡುವುದಿಲ್ಲ. ಇದು ಅವನಿಗೂ ಗೊತ್ತಿತ್ತು, ವಕೀಲರಿಗೂ ಗೊತ್ತಿತ್ತು.

ಬೆಂಗಳೂರಿನಿಂದ ಕಾರು ಬಂತು. ಬೆಳ್ಳಿ ಬಣ್ಣ. ಡಿಕ್ಕಿಯ ಮೇಲೆ ಇಂಗ್ಲಿಷಿನಲ್ಲಿ ಹೈಬ್ರಿಡ್ ಅಂತ ಬರೆದಿತ್ತು. ನಮ್ಮ ಕಡೆ ಹೈಬ್ರಿಡ್ ಅಂದರೆ ಜೋಳದ ಬೀಜ, ಟೊಮೆಟೊ ಬೀಜ. ಕಾರಿಗೆ ಯಾಕೆ ಆ ಹೆಸರು ಅಂತ ಬೀದಿಯವರೆಲ್ಲ ಕೇಳಿದರು. ವಕೀಲರು ಕನ್ನಡಕ ಸರಿ ಮಾಡಿಕೊಂಡು, "ಇದು ಕರೆಂಟಿನ ಕಾರು. ಜಿಲ್ಲೆಗೇ ಮೊದಲು," ಅಂದರು. ಸುಳ್ಳು. ಪೆಟ್ರೋಲ್ ಇಲ್ಲದೆ ಅದು ಗೇಟೂ ದಾಟುತ್ತಿರಲಿಲ್ಲ.

ಮೊದಲ ದಿನ ಎನ್.ಆರ್. ಸರ್ಕಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ಮಾವ ಬ್ರೇಕ್ ಒತ್ತಿ ನಿಲ್ಲಿಸಿದ. ಇಂಜಿನ್ ತಾನಾಗಿಯೇ ನಿಂತುಹೋಯಿತು.

"ಸತ್ತೋಯ್ತು ಸಾ," ಅಂದ ಮಾವ.

"ಸತ್ತಿಲ್ಲ ಕಣಯ್ಯ, ಅದು ಹಾಗೇನೆ. ಬ್ರೇಕಿಂದ ಕಾಲು ತೆಗಿ, ತಾನೇ ಏಳುತ್ತೆ."

ಮಾವ ನಂಬಲಿಲ್ಲ. ಕೀ ತಿರುಗಿಸಿ ಪೂರ್ತಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಲು ಹೋದ. ಅಷ್ಟರಲ್ಲಿ ಪೊಲೀಸಿನವನು ಬಿಟ್ಟಿದ್ದ. ಹಿಂದಿನ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಲೇ, ಒಸಾ ಗಾಡಿನೂ ತಳ್ಬೇಕೇನ್ಲಾ?" ಅಂತ ಕೂಗಿದ. ವಕೀಲರು ಹಿಂದಿನ ಸೀಟಿನಲ್ಲಿ ಪೇಪರ್ ಎತ್ತಿ ಮುಖ ಮುಚ್ಚಿಕೊಂಡರು. ಇದನ್ನು ಮಾವನೇ ಹೇಳಿ ನಕ್ಕ. ಆಗಿನ್ನೂ ನಗುತ್ತಿದ್ದ.

ಕಾರು ತಂದುಕೊಟ್ಟ ಹುಡುಗ ಟೈ ಕಟ್ಟಿಕೊಂಡು ತುಂಬ ಹೊತ್ತು ವಿವರಿಸಿದ್ದ. ಬಣ್ಣದ ಮಾತು ತೆಗೆದರೆ ಉಳಿಯುವುದು ಇಷ್ಟೇ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ದೋಸೆ ಕಾವಲಿಯಷ್ಟು ಅಗಲದ ಒಂದು ತೆಳ್ಳನೆಯ ಮೋಟರ್. ಹಿಂದಿನ ಸೀಟಿನ ಬೆನ್ನಿಗೆ ಒಂದು ಬ್ಯಾಟರಿ ಪೆಟ್ಟಿಗೆ. ಕಾರು ಏರು ಹತ್ತುವಾಗ ಬ್ಯಾಟರಿಯ ಕರೆಂಟಿನಲ್ಲಿ ಆ ಮೋಟರ್ ಇಂಜಿನ್ನಿಗೆ ಕೈಜೋಡಿಸುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ಆಲೂಗಡ್ಡೆ ಮೂಟೆಯ ಕೈಗಾಡಿಯನ್ನು ಒಬ್ಬ ಎಳೆಯುವಾಗ ಇನ್ನೊಬ್ಬ ಹಿಂದಿನಿಂದ ತಳ್ಳುತ್ತಾನಲ್ಲ, ಹಾಗೆ. ಎಳೆಯುವವನು ಇಂಜಿನ್. ತಳ್ಳುವವನು ಮೋಟರ್. ಸಮತಟ್ಟಿನಲ್ಲಿ ತಳ್ಳುವವನಿಗೆ ಕೆಲಸ ಇಲ್ಲ.

ಇಳಿಜಾರಿನಲ್ಲಿ, ಇಲ್ಲ ಬ್ರೇಕ್ ಒತ್ತಿದಾಗ, ಅದೇ ಮೋಟರ್ ಉಲ್ಟಾ ಕೆಲಸ ಮಾಡುತ್ತದೆ. ಚಕ್ರ ಅದನ್ನು ತಿರುಗಿಸುತ್ತದೆ, ಅದು ಡೈನಮೊ ಆಗಿ ಬ್ಯಾಟರಿ ತುಂಬಿಸುತ್ತದೆ. ಸೈಕಲ್ಲಿಗೆ ಡೈನಮೊ ಹಾಕಿದಾಗ ಪೆಡಲ್ ಭಾರವಾಗುತ್ತದಲ್ಲ, ಆ ಭಾರವೇ ಇಲ್ಲಿ ಅರ್ಧ ಬ್ರೇಕು. ಮಾಮೂಲಿ ಕಾರಿನಲ್ಲಿ ಬ್ರೇಕ್ ಲೈನರ್ ಸವೆದು ಬಿಸಿಯಾಗಿ ಹೋಗುವ ಶಕ್ತಿ ಇಲ್ಲಿ ಪೆಟ್ಟಿಗೆಗೆ ಬರುತ್ತದೆ. ಗೋಡೆಯ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡುವಂತಿಲ್ಲ. ವಕೀಲರ ಸ್ನೇಹಿತರೆಲ್ಲ "ರಾತ್ರಿಯೆಲ್ಲಾ ಚಾರ್ಜಿಗೆ ಹಾಕ್ತೀರಾ?" ಅಂತ ಕೇಳುತ್ತಿದ್ದರು. ಇವರು ಹೌದು ಅನ್ನದೆ, ಇಲ್ಲ ಅನ್ನದೆ ನಗುತ್ತಿದ್ದರು.

ತೊಂದರೆಗಳನ್ನು ಆ ಹುಡುಗ ಹೇಳಲಿಲ್ಲ. ಅವು ತಾವಾಗಿ ಬಂದವು. ಸಿಗ್ನಲ್ಲಿನಲ್ಲಿ ಇಂಜಿನ್ ನಿಂತರೆ ಎ.ಸಿ.ಯಿಂದ ಬೆಚ್ಚನೆ ಗಾಳಿ. ಬ್ರೇಕಿನಿಂದ ಕಾಲು ತೆಗೆದು ಹೊರಡುವಾಗ ಒಂದು ನಡುಕ. ಬಾನೆಟ್ಟಿನೊಳಗೆ ಮಾಮೂಲಿ ಸಣ್ಣ ಬ್ಯಾಟರಿಯೂ ಒಂದಿತ್ತು. ವಕೀಲರು ಹತ್ತು ದಿನ ಊರಿನಲ್ಲಿ ಇಲ್ಲದಿದ್ದಾಗ ಅದು ಇಳಿದು, ಲಕ್ಷಗಟ್ಟಲೆಯ ಕಾರಿನ ಬಾಗಿಲ ಲಾಕ್ ಕೂಡ ಗುಂಡಿ ಒತ್ತಿದರೆ ತೆರೆಯದೆ ಹೋಯಿತು. ನನ್ನನ್ನು ಕರೆದರು. ಬಾನೆಟ್ ತೆಗೆದೆ. ಕಿತ್ತಳೆ ಬಣ್ಣದ ದಪ್ಪ ವೈರುಗಳಿದ್ದವು, ಮುಟ್ಟಬೇಡಿ ಅಂತ ಚಿತ್ರ ಅಂಟಿಸಿತ್ತು. ನಾನು ಮುಟ್ಟಲಿಲ್ಲ. ಸಣ್ಣ ಬ್ಯಾಟರಿಗೆ ಟೆಂಪೊದಿಂದ ವೈರು ಕೊಟ್ಟು ಸ್ಟಾರ್ಟ್ ಮಾಡಿಕೊಟ್ಟು ಬಂದೆ. ಮುಟ್ಟಲಾಗದ ಗಾಡಿಯ ಮೇಲೆ ನನಗೆ ಮರ್ಯಾದೆ ಹುಟ್ಟುವುದಿಲ್ಲ.

ಇನ್ನು ಮಾವ. ನಮ್ಮ ಕಡೆಯ ಹಳೆ ಡ್ರೈವರುಗಳೆಲ್ಲರಿಗೂ ಒಂದು ಚಟ. ಇಳಿಜಾರು ಕಂಡರೆ ಸಾಕು, ಗೇರು ನ್ಯೂಟ್ರಲ್. ಗಾಡಿ ತಾನಾಗಿ ಉರುಳಬೇಕು, ಪೆಟ್ರೋಲ್ ಉಳಿಯಬೇಕು. ಹಾಸನದಿಂದ ಹೊಳೆನರಸೀಪುರಕ್ಕೆ ಎಲ್ಲೆಲ್ಲಿ ನ್ಯೂಟ್ರಲ್ ಮಾಡಬೇಕು, ಎಲ್ಲಿ ಮತ್ತೆ ಗೇರಿಗೆ ಹಾಕಬೇಕು ಅಂತ ಮಾವನ ಕೈಗೆ ಗೊತ್ತು. ಹೊಸ ಕಾರಿನಲ್ಲಿ ಕ್ಲಚ್ಚೇ ಇಲ್ಲ. ಆದರೂ ಇಳಿಜಾರಿನಲ್ಲಿ ಕಡ್ಡಿಯನ್ನು ಎನ್ ಅಕ್ಷರಕ್ಕೆ ತಳ್ಳುತ್ತಿದ್ದ. ಬ್ಯಾಟರಿ ತುಂಬಬೇಕಾದದ್ದೇ ಇಳಿಜಾರಿನಲ್ಲಿ. ನ್ಯೂಟ್ರಲ್ ಮಾಡಿದರೆ ಚಕ್ರಕ್ಕೂ ಮೋಟರಿಗೂ ಸಂಬಂಧ ಕಡಿದುಹೋಗುತ್ತದೆ. ವಕೀಲರು ಕಾಸು ಕೊಟ್ಟು ಕೊಂಡ ಉಪಾಯವನ್ನು ಮಾವ ಪುಕ್ಕಟೆಯಾಗಿ ಕೆಡಿಸುತ್ತಿದ್ದ.

"ಪೆಟ್ರೋಲ್ ಉಳಿಸ್ತಾ ಇವ್ನಿ ಕಣ್ಲಾ," ಅನ್ನುತ್ತಿದ್ದ ನನ್ನ ಹತ್ತಿರ.

"ಮಾವ, ಅದು ಅಂಬಾಸಿಡರ್ ಅಲ್ಲ."

"ಇಳಿಜಾರು ಅದೇ ತಾನೇ?"

ಇಂಥವನಿಗೆ ಏನು ಹೇಳುವುದು.

ವಕೀಲರ ಚಟ ಬೇರೆ. ಅವರಿಗೆ ಸನ್ಮಾನ. ಮೊದಲೂ ಸನ್ಮಾನಗಳಿದ್ದವು, ಕಾರು ಬಂದಮೇಲೆ ಜಾಸ್ತಿಯಾದವು. 'ಪರಿಸರಸ್ನೇಹಿ ವಾಹನದ ಮೊದಲ ಮಾಲೀಕರು' ಅಂತ ಕರೆದು ಕೂರಿಸುತ್ತಿದ್ದರು. ಚನ್ನರಾಯಪಟ್ಟಣದ ಸಂಘ ಕರೆಯಿತು. ದಂಡಿಗನಹಳ್ಳಿಯ ಹೈಸ್ಕೂಲು ಕರೆಯಿತು. ಅಲ್ಲಿ ಮಕ್ಕಳನ್ನೆಲ್ಲ ಬಿಸಿಲಿನಲ್ಲಿ ನಿಲ್ಲಿಸಿ ಕಾರು ತೋರಿಸಿದರು. ಜಿನನಾಥಪುರದಲ್ಲೂ ಒಂದು ಆಯಿತು. ಪ್ರತಿ ಸಲ ಒಂದು ಶಾಲು, ಒಂದು ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ. ಹಣ್ಣು ಮನೆಗೆ, ಹಾರ ಬಾನೆಟ್ಟಿಗೆ. ಶಾಲು ಮಾತ್ರ ಕಾರಿನಲ್ಲೇ. ಹಿಂದಿನ ಗಾಜಿನ ಕೆಳಗೆ ಹಲಗೆ ಇರುತ್ತದಲ್ಲ, ಅದರ ಮೇಲೆ ಒಂದರ ಮೇಲೊಂದು ಮಡಚಿ ಇಟ್ಟು, ಮೇಲೆ ಪೇಟ ಇಡಿಸುತ್ತಿದ್ದರು. ಜರಿಯ ಅಂಚು ಗಾಜಿನ ಕಡೆಗೇ ಇರಬೇಕು. ಹಿಂದೆ ಬರುವ ಗಾಡಿಯವರಿಗೆಲ್ಲ ಕಾಣಬೇಕು.

"ಡಿಕ್ಕೀಲಿ ಮಡಗ್ಲಾ ಸಾ?" ಅಂತ ಮಾವ ಒಂದು ಸಲ ಕೇಳಿದ್ದನಂತೆ.

"ಡಿಕ್ಕೀಲಿ ಸ್ಟೆಪ್ನಿ ಇಡ್ತಾರಯ್ಯ, ಶಾಲು ಇಡಲ್ಲ," ಅಂದಿದ್ದರಂತೆ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅರಕಲಗೂಡಿನ ಕೋರ್ಟಿಗೆ ಹೊರಟಾಗ ಮೊದಲ ಸಲ ಆಯಿತು. ಮೀಟರಿನಲ್ಲಿ ಬ್ಯಾಟರಿಯ ಗೆರೆಗಳು ಒಮ್ಮೆಲೇ ಇಳಿದವು. ಹಳದಿ ದೀಪ ಹತ್ತಿತು. ತಳ್ಳುವವನು ಕೈಬಿಟ್ಟ, ಎಳೆಯುವವನೊಬ್ಬನೇ ಉಳಿದ. ಏರಿನಲ್ಲಿ ಕಾರು ಏದುಸಿರು ಬಿಟ್ಟಿತು. ಆಲೂಗಡ್ಡೆ ತುಂಬಿದ ಟ್ರ್ಯಾಕ್ಟರ್ ಒಂದು ಪಕ್ಕದಲ್ಲೇ ಮುಂದೆ ಹೋಯಿತು. ಮೂಟೆಗಳ ಮೇಲೆ ಕೂತಿದ್ದ ಹೆಂಗಸರು ಬಗ್ಗಿ ನೋಡಿ ನಕ್ಕರು. ವಕೀಲರಿಗೆ ದೀಪಕ್ಕಿಂತ ಆ ನಗು ಹೆಚ್ಚು ಉರಿಯಿತು.

ಕಾರನ್ನು ಬೆಂಗಳೂರಿನ ಸರ್ವೀಸಿಗೆ ಕಳಿಸಿದರು. ಕಳಿಸುವ ಮೊದಲು, ಹೆಣ್ಣು ನೋಡಲು ಬರುವವರಿಗಾಗಿ ಮನೆ ಗುಡಿಸುವ ಹಾಗೆ, ಕಾರನ್ನು ಪೂರ್ತಿ ಖಾಲಿ ಮಾಡಿಸಿದರು. ಶಾಲು, ಪೇಟ, ಕೊಡೆ, ಎಲ್ಲ ಮನೆಯೊಳಗೆ. ಸರ್ವೀಸಿನವನು ಓಡಿಸಿ ನೋಡಿದ, ಏನೂ ಆಗಲಿಲ್ಲ. ಆಮೇಲೆ ಡ್ರೈವರ್ ಹೇಗೆ ಓಡಿಸುತ್ತಾನೆ ಅಂತ ಕೇಳಿದ. ಮಾವ ನಿಯತ್ತಾಗಿ ಎಲ್ಲ ಹೇಳಿದ. ನ್ಯೂಟ್ರಲ್ಲಿನ ವಿಷಯವನ್ನು ಸ್ವಲ್ಪ ಜಂಬದಿಂದಲೇ ಹೇಳಿದ. ಸರ್ವೀಸಿನವನಿಗೆ ಅಷ್ಟು ಸಾಕಾಯಿತು. ಡ್ರೈವರ್ ಸರಿ ಇಲ್ಲ, ಹೀಗೇ ಓಡಿಸಿದರೆ ದೊಡ್ಡ ಬ್ಯಾಟರಿಯನ್ನೇ ಬದಲಾಯಿಸಬೇಕಾಗುತ್ತೆ ಅಂತ ವಕೀಲರಿಗೆ ಫೋನ್ ಮಾಡಿದ.

ಕಾರು ವಾಪಸ್ ಬಂದ ದಿನ ವಕೀಲರು ಮಾವನನ್ನು ಜಗಲಿಯ ಹತ್ತಿರ ನಿಲ್ಲಿಸಿಕೊಂಡರು. ನಾನೂ ಗೇಟಿನ ಹತ್ತಿರ ಇದ್ದೆ.

"ಇಷ್ಟು ವರ್ಷ ಇದ್ದೀಯ ಅಂತ ಸುಮ್ಮನಿದೀನಿ. ಇನ್ನೊಂದು ಸಲ ಆ ದೀಪ ಹತ್ತಲಿ, ಕೀ ತಂದು ನನ್ನ ಕೈಗೆ ಕೊಟ್ಟು ಹೋಗ್ತಾ ಇರು. ಆಟೋಮ್ಯಾಟಿಕ್ ಕಲಿತಿರೋ ಡ್ರೈವರ್ ಬೆಂಗಳೂರಲ್ಲಿ ಬೇಕಾದಷ್ಟು ಜನ ಇದಾರೆ."

"ಆಗ್ಲಿ ಸಾ," ಅಂದ ಮಾವ.

ಆಗ್ಲಿ ಅಂತೆ! ಜಗಳ ಆಡುವುದಕ್ಕೂ ಬರುವುದಿಲ್ಲ ಅವನಿಗೆ. ಆಮೇಲೆ ಹೋಗಿ ಶಾಲುಗಳನ್ನು ಒಂದೊಂದಾಗಿ ಮೊದಲಿನ ಹಾಗೇ ಜೋಡಿಸಿದ. ಪೇಟವನ್ನು ಕರ್ಚೀಫಿನಲ್ಲಿ ಒರೆಸಿ ಮೇಲೆ ಇಟ್ಟ.

ಅವತ್ತಿನಿಂದ ಮಾವ ನ್ಯೂಟ್ರಲ್ ಬಿಟ್ಟ. ಕಣ್ಣು ರಸ್ತೆಗಿಂತ ಮೀಟರಿನ ಮೇಲೇ ಜಾಸ್ತಿ. ಮೊಟ್ಟೆ ಬುಟ್ಟಿ ಹೊತ್ತವನ ಹಾಗೆ ಓಡಿಸುತ್ತಿದ್ದ. ಮನೆಯಲ್ಲಿ ಮುದ್ದೆ ಸೇರದೆ ಎದ್ದುಬಿಡುತ್ತಿದ್ದ. ಒಂದು ಸಣ್ಣ ಹಳದಿ ದೀಪಕ್ಕೆ ಗಂಡಸೊಬ್ಬ ಹೀಗೆ ಹೆದರುವುದನ್ನು ನೋಡಿ ನನಗೆ ಅಸಹ್ಯವಾಯಿತು.

ಸ್ವಲ್ಪ ದಿನಕ್ಕೆ ವಕೀಲರ ಹೆಂಡತಿ ಸಂಗೀತ ಕೇಳಲು ರುದ್ರಪಟ್ಟಣಕ್ಕೆ ಹೋದರು. ಎರಡು ದಿನ ಬಿಟ್ಟು ಅವರನ್ನು ಕರೆತರಲು ಮಾವ ಹೊರಟಾಗ, "ನೀನೂ ಬಾ ಕಣ್ಲಾ, ಜೊತೆಗಿರು," ಅಂದ. ಹೋದೆ. ವಾಪಸ್ ಬರುವಾಗ ಬಿಸಿಲು ನೆತ್ತಿಯ ಮೇಲಿತ್ತು. ಅಮ್ಮಾವರು ಹಿಂದೆ, ನಾವಿಬ್ಬರು ಮುಂದೆ. ಅರಕಲಗೂಡು ದಾಟಿ ಸ್ವಲ್ಪ ದೂರಕ್ಕೆ ದೀಪ ಹತ್ತಿತು.

ಮಾವ ಕಾರು ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಇಟ್ಟ. "ನ್ಯೂಟ್ರಲ್ ಮಾಡಿಲ್ಲ ಕಣ್ಲಾ. ನೀನೇ ನೋಡ್ದೆ ತಾನೆ? ಒಂದು ಕಿತನೂ ಮಾಡಿಲ್ಲ."

"ನೋಡ್ದೆ, ಮಾಡಿಲ್ಲ. ಗಾಡೀನೇ ದರಿದ್ರದ್ದು. ಎದ್ದೇಳು."

ಹಿಂದಿನಿಂದ ಅಮ್ಮಾವರು ಕೇಳಿದರು, "ಇದೇನಯ್ಯ ಇದು, ಆಗಿಂದ ನನ್ನ ಕಿವಿ ಹಿಂದೆ ಗುಂಯ್ ಅಂತಿದೆ? ಎರಡು ದಿನ ಕೇಳಿದ ಶ್ರುತಿ ಸಾಲದು ಅಂತ ಇದು ಬೇರೆ."

ಇಂಜಿನ್ ಆಫ್ ಆಗಿತ್ತು. ಸದ್ದು ಮಾತ್ರ ನಿಜ, ಹಿಂದಿನಿಂದ ಬರುತ್ತಿತ್ತು. ಅಮ್ಮಾವರು ತಿರುಗಿ ಶಾಲುಗಳನ್ನು ಎಳೆದರು. ಮೇಲಿನವು ಬಂದವು. ಕೊನೆಯದು ಬರಲಿಲ್ಲ.

"ಅಯ್ಯೋ, ಇದನ್ನ ಯಾರೋ ಒಳಗಿಂದ ಹಿಡ್ಕೊಂಡಿದಾರಲ್ಲೋ!"

ಜೋರಾಗಿ ಎಳೆದಾಗ ಬಂತು. ಹಲಗೆಯ ಮೇಲೆ ಸಣ್ಣ ಸಣ್ಣ ಸೀಳುಗಳ ಒಂದು ಜಾಲರಿ. ಅದರ ಮೇಲೆ ಉಣ್ಣೆಯ ಜುಂಗು, ಜರಿಯ ಚೂರು, ಹಾರದ ಒಣಗಿದ ಎಸಳು, ಎಲ್ಲ ಸೇರಿ ಕಂಬಳಿಯ ತುಂಡಿನ ಹಾಗೆ ಕೂತಿತ್ತು. ನಾನು ಉಗುರಿನಲ್ಲಿ ಕೆರೆದೆ. ಕೈ ಇಟ್ಟರೆ ಗಾಳಿ ಒಳಕ್ಕೆ ಎಳೆಯುತ್ತಿತ್ತು. ಸೀಟಿನ ಹಿಂದಿನ ಬ್ಯಾಟರಿಗೆ ತಂಪು ಗಾಳಿ ಹೋಗುವ ದಾರಿಯೇ ಅದು. ಒಳಗೊಂದು ಫ್ಯಾನ್ ಇತ್ತು, ಅದು ಉಸಿರು ಸಿಗದೆ ಕೂಗುತ್ತಿತ್ತು. ಬ್ಯಾಟರಿ ಕೊಡುವಾಗಲೂ ಬಿಸಿಯಾಗುತ್ತದೆ, ತುಂಬುವಾಗಲೂ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ಕಾರು ಅದನ್ನು ಕೆಲಸದಿಂದ ಬಿಡಿಸಿ ದೀಪ ಹಾಕುತ್ತದೆ. ಹಾಸನದ ಬೇಸಿಗೆಯಲ್ಲಿ, ಗಾಜಿನ ಕೆಳಗೆ, ಅಷ್ಟು ಶಾಲು ಹೊದ್ದರೆ ಮನುಷ್ಯನೂ ಕೆಲಸ ಬಿಡುತ್ತಾನೆ.

ಕಾರಿಗೆ ಅಂತ ಕೊಟ್ಟ ಶಾಲುಗಳು ಕಾರಿನ ಮೂಗನ್ನೇ ಮುಚ್ಚಿದ್ದವು. ನಾನು ರಸ್ತೆಯ ಪಕ್ಕ ಕೂತು ನಕ್ಕೆ. ಮಾವ ನಗಲಿಲ್ಲ.

"ಈ ಮಾತು ಇಲ್ಲೇ ಬುಟ್ಬುಡು," ಅಂದ. "ಅವ್ರಿಗೆ ಯೋಳೋಕಾಯ್ತದಾ, ನಿಮ್ ಶಾಲಿಂದ ಕೆಟ್ಟೋಯ್ತು ಅಂತ?"

"ಯೋಳ್ದೆ ಇದ್ರೆ ನಿನ್ನ ಮನೇಗ್ ಕಳಿಸ್ತಾರೆ ಮಾವ!"

"ಯೋಳುದ್ರೂ ಕಳಿಸ್ತಾರೆ ಕಣ್ಲಾ."

ಅಮ್ಮಾವರು ಶಾಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, "ನಾನು ಹೇಳ್ತೀನಿ, ಹತ್ತಿ," ಅಂದರು.

ಮನೆಯಲ್ಲಿ ಅಮ್ಮಾವರು ಕಾಲು ತೊಳೆಯುವ ಮೊದಲೇ ಹೇಳಿದರು. ವಕೀಲರು ಕೇಸು ಕೇಳಿದ ಹಾಗೆ ಕೇಳಿ, "ಶಾಲಿಂದ ಎಲ್ಲಾದರೂ ಕಾರು ಕೆಡುತ್ತೇನೇ? ಅವನ ತಪ್ಪು ಮುಚ್ಚೋಕೆ ನಿನ್ನ ಹಿಡಿದಿದಾನೆ," ಅಂದರು.

"ರೀ, ಫ್ಯಾನು ನಿಮ್ಮ ಶಾಲು ಹಿಡ್ಕೊಂಡಿದ್ದನ್ನ ನಾನೇ ಎಳೆದಿದೀನಿ."

"ಒಂದು ಸಾಕ್ಷಿ ಸಾಲದು," ಅಂದರು ವಕೀಲರು. ಆಮೇಲೆ ತೀರ್ಮಾನ ಹೇಳಿದರು. ದೀಪ ಆರಿದ ಮೇಲೆ ಒಂದು ಮಧ್ಯಾಹ್ನ ಶಾಲಿಲ್ಲದೆ ಹೊಳೆನರಸೀಪುರಕ್ಕೆ ಹೋಗಿ ಬರುವುದು. ಮಾರನೆಯ ದಿನ ಅದೇ ಹೊತ್ತಿಗೆ, ಅದೇ ರಸ್ತೆಯಲ್ಲಿ, ಶಾಲು ಇಟ್ಟುಕೊಂಡು. ತಾವು ಹಿಂದೆ ಕೂರುತ್ತಾರೆ. ನ್ಯೂಟ್ರಲ್ ಮಾಡುತ್ತಾನಾ ಅಂತ ನೋಡಲು ನಾನು ಮುಂದೆ. ಇಷ್ಟು ಓದಿದ ಮನುಷ್ಯ ಶಾಲು ಎತ್ತಿ ಡಿಕ್ಕಿಗೆ ಹಾಕುವುದು ಬಿಟ್ಟು ಎರಡು ದಿನದ ಪೆಟ್ರೋಲ್ ಸುಡಲು ತಯಾರಾದ. ಪರಿಸರ!

ನಾಲ್ಕಾರು ಸಲ ಸ್ಟಾರ್ಟ್ ಮಾಡಿ ಓಡಿಸಿದ ಮೇಲೆ ದೀಪ ತಾನಾಗಿ ಆರಿತು. ಮೊದಲ ದಿನ ಹೋಗಿ ಬಂದೆವು. ಏನೂ ಆಗಲಿಲ್ಲ. ಏರಿನಲ್ಲಿ ಗೆರೆ ಇಳಿದವು, ಇಳಿಜಾರಿನಲ್ಲಿ ಹತ್ತಿದವು. ಮೊದಲ ಸಲ ಆ ಕಾರು ಹೇಳಿದ ಹಾಗೆ ಕೆಲಸ ಮಾಡುವುದನ್ನು ನೋಡಿದೆ.

ಎರಡನೆಯ ದಿನ ಅವರೇ ಕೈಯಾರೆ ಶಾಲು ಜೋಡಿಸಿದರು. ಜರಿಯ ಅಂಚು ಗಾಜಿನ ಕಡೆಗೆ. ಹೊರಟೆವು. ಅಷ್ಟು ದಿನ ದೀಪ ಹತ್ತಬಾರದು ಅಂತ ದೇವರಿಗೆ ಕೈಮುಗಿಯುತ್ತಿದ್ದ ಮಾವ ಅವತ್ತು ಹತ್ತಲಿ ಅಂತ ಕೈಮುಗಿದ. ಹೊಳೆನರಸೀಪುರ ಬಂತು, ದೀಪ ಬರಲಿಲ್ಲ. ಹೊಳೆಯ ಹತ್ತಿರ ಕಾರು ತಿರುಗಿಸಿದೆವು. ಮಾವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

"ಏನಯ್ಯ, ಎಲ್ಲಿ ನಿನ್ನ ದೀಪ?" ಅಂದರು ವಕೀಲರು.

"ಬತ್ತದೆ ಸಾ," ಅಂದ ಮಾವ. ಅವನ ದನಿಯಲ್ಲಿ ಬಲ ಇರಲಿಲ್ಲ. ಇವತ್ತು ಆ ದರಿದ್ರ ಕಾರು ಚೆನ್ನಾಗಿ ಓಡಿಬಿಟ್ಟರೆ ಮಾವನ ಕಥೆ ಮುಗಿಯಿತು.

ಮೊಸಳೆಹೊಸಹಳ್ಳಿ ದಾಟಿದೆವು. ಹಿಂದಿನಿಂದ ಗುಂಯ್ ಶುರುವಾಯಿತು. ಏರಿನ ನಡುವೆ ಗೆರೆಗಳು ದಬದಬ ಇಳಿದವು. ದೀಪ ಹತ್ತಿತು.

"ಬಂತು ಸಾ! ಬಂತು!" ಮಾವ ಮನೆಯಲ್ಲಿ ಮಗು ಹುಟ್ಟಿದವನ ಹಾಗೆ ಕೂಗಿದ.

ವಕೀಲರು ಸೀಟುಗಳ ನಡುವೆ ತಲೆ ತೂರಿಸಿ ನೋಡಿದರು. "ನ್ಯೂಟ್ರಲ್ ಹಾಕಿದ್ಯಾ?"

"ಇಲ್ಲ ಸಾ. ಎರಡು ಕೈನೂ ಸ್ಟೇರಿಂಗ್ ಮ್ಯಾಲೇ ಅವೆ."

"ನಾ ನೋಡ್ತಾನೇ ಇವ್ನಿ ಸಾ," ಅಂದೆ. "ಶಾಲು ತೆಗೀರಿ, ಫ್ಯಾನು ಕೂಗ್ತಾ ಐತೆ."

ಅವರು ಶಾಲು ತೆಗೆಯಲಿಲ್ಲ. ಹಾಸನದವರೆಗೆ ಆ ಫ್ಯಾನಿನ ಗೋಳು ಕೇಳಿಕೊಂಡೇ ಬಂದೆವು.

ಮನೆಯ ಮುಂದೆ ಇಳಿದರು. ಮಾವ ಕಾರು ಆಫ್ ಮಾಡಿ, ಇಳಿದು, ಕೀ ಹಿಡಿದ ಕೈಯನ್ನು ಮುಂದೆ ಚಾಚಿ ನಿಂತ. ನಾನು ಹಲ್ಲು ಕಚ್ಚಿಕೊಂಡೆ. ಗೆದ್ದವನು ಹೀಗೆ ನಿಲ್ಲುತ್ತಾನಾ? ಆದರೆ ಮಾವ ಹೇಳಿಸಿಕೊಂಡಿದ್ದು ಅಷ್ಟೇ: ಇನ್ನೊಂದು ಸಲ ದೀಪ ಹತ್ತಿದರೆ ಕೀ ತಂದು ಕೊಡು. ದೀಪ ಹತ್ತಿತ್ತು. ತಂದು ಕೊಟ್ಟ.

ವಕೀಲರು ಕೀಯನ್ನೂ ನೋಡಿದರು, ಅವನನ್ನೂ ನೋಡಿದರು. ಅಮ್ಮಾವರು ಬಾಗಿಲಿನಲ್ಲಿ ನಿಂತಿದ್ದರು.

"ಇಟ್ಕೋ," ಅಂದರು ವಕೀಲರು. "ಬೆಳಿಗ್ಗೆ ಐದೂವರೆಗೆ ಬಾ. ಚನ್ನರಾಯಪಟ್ಟಣಕ್ಕೆ ಹೋಗಬೇಕು."

ಅಷ್ಟೇ. ನಂದು ತಪ್ಪಾಯ್ತು ಅಂತ ಒಂದು ಮಾತಿಲ್ಲ. ದಾರಿಯಲ್ಲಿ ನಾನು ಬೈದೆ. ಮಾವ ಕಿವಿಗೇ ಹಾಕಿಕೊಳ್ಳಲಿಲ್ಲ. "ಐದೂವರೆಗೆ ಬಾ ಅಂದ್ರು ಕಣ್ಲಾ," ಅಂತ ಅದನ್ನೇ ಹೇಳಿಕೊಂಡು ನಡೆದ. ಅವತ್ತು ಮುದ್ದೆ ಎರಡು ಸಲ ಹಾಕಿಸಿಕೊಂಡ.

ಮುಂದಿನ ಸನ್ಮಾನ ಅರಕಲಗೂಡಿನಲ್ಲಿ. ಮಾವ ನನ್ನನ್ನೂ ಕರೆದುಕೊಂಡು ಹೋಗಿದ್ದ. ವಕೀಲರು ಮೈಕ್ ಹಿಡಿದು, ಬ್ಯಾಟರಿಯೂ ಗಿಡದ ಹಾಗೆ ಉಸಿರಾಡುತ್ತದೆ, ಅದರ ಗಾಳಿಯ ದಾರಿಗೆ ಬಟ್ಟೆಬರೆ ಅಡ್ಡ ಇಡಬಾರದು, ಇದನ್ನು ತಾವು ಸ್ವತಃ ಪ್ರಯೋಗ ಮಾಡಿ ಕಂಡುಕೊಂಡದ್ದು ಅಂದರು. ಜನ ಚಪ್ಪಾಳೆ ತಟ್ಟಿದರು. ಮಾವನೂ ತಟ್ಟಿದ. ಒಂದು ಶಾಲು ಹೊದಿಸಿದರು.

ಕಾರ್ಯಕ್ರಮ ಮುಗಿದು ವಕೀಲರು ಶಾಲು ಹಿಡಿದುಕೊಂಡು ಕಾರಿನ ಹತ್ತಿರ ಬಂದರು. ಹಿಂದಿನ ಬಾಗಿಲು ತೆಗೆದು ಒಂದು ಕ್ಷಣ ಹಲಗೆಯ ಕಡೆ ನೋಡಿದರು. ಅಷ್ಟರಲ್ಲಿ ಮಾವ ಹೋಗಿ ಡಿಕ್ಕಿ ತೆಗೆದು, ಕೈ ಚಾಚಿ ನಿಂತಿದ್ದ. ವಕೀಲರು ಶಾಲು ಕೊಟ್ಟರು. ಮಾವ ಅದನ್ನು ಸ್ಟೆಪ್ನಿಯ ಮೇಲಿನ ಹಲಗೆಯ ಮೇಲೆ, ಜಾಕಿನ ಪಕ್ಕ ಇಟ್ಟು, ಡಿಕ್ಕಿಯನ್ನು ಜೋರಾಗಿ ಹಾಕಿದ.